ಹೆದರಿದರೆ ನಂಬಿಕೆ ಇಲ್ಲವೆಂದೇ ಅರ್ಥವೇ?

ಆಲೆಮನೆಯವಳು
ಭಾನುವಾರ, ರಾತ್ರಿ 11:40

ಮಂಡ್ಯ ಸೀಮೆಯವಳು ನಾನು. ನಮ್ಮದೊಂದು ಸಣ್ಣ ಆಲೆಮನೆ. ಯಜಮಾನರಿಗೆ 48 ವರ್ಷ. ಎರಡೂ ಮೂತ್ರಪಿಂಡ ಕೈಕೊಟ್ಟು 14 ತಿಂಗಳಾಯಿತು. ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಬೆಳಗಿನ ಐದೂಕಾಲರ ಬಸ್ಸು ಹಿಡಿದರೆ ಏಳಕ್ಕೆ ಸೂಜಿ ಚುಚ್ಚುತ್ತಾರೆ, ನಾಲ್ಕು ಗಂಟೆ ಯಂತ್ರ, ಮಧ್ಯಾಹ್ನದ ಊಟಕ್ಕೆ ಮನೆ. ಈ ಲೆಕ್ಕಕ್ಕೆ ಒಗ್ಗಿಹೋಗಿದ್ದೇವೆ ಎಂದುಕೊಂಡಿದ್ದೆ.

ಏನೇನಕ್ಕೆ ಒಗ್ಗಿದೆವು ಎಂದರೆ, ಗದ್ದೆಯ ಬದುವಿನಲ್ಲಿ ಇಪ್ಪತ್ತು ತೆಂಗಿನ ಮರ ಇದ್ದೂ ಅವರು ಎಳನೀರು ಮುಟ್ಟುವ ಹಾಗಿಲ್ಲ. ಸೊಪ್ಪು, ಕಾಳು, ತರಕಾರಿ ಯಾವುದನ್ನೇ ಆಗಲಿ ಬೇಯಿಸಿ, ಬಸಿದು, ಆ ನೀರನ್ನು ಚೆಲ್ಲಬೇಕು. ಹುಟ್ಟಿದಂದಿನಿಂದ ಬಸ್ಸಾರು ಉಂಡು ಬೆಳೆದವಳು ನಾನು. ಬಸಿದ ಕಟ್ಟನ್ನು ಮೋರಿಗೆ ಸುರಿಯುವಾಗ ಮೊದಮೊದಲು ಕೈಯೇ ಏಳುತ್ತಿರಲಿಲ್ಲ. ಈಗ ಸುರಿಯುತ್ತೇನೆ.

ಅವರ ಎಡಗೈಯಲ್ಲಿ ಫಿಸ್ಟುಲಾ ಮಾಡಿದ್ದಾರೆ. ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದ ಆ ಜಾಗದ ಮೇಲೆ ಬೆರಳಿಟ್ಟರೆ ಒಳಗೆ ಗುಂಯ್ ಎನ್ನುತ್ತಿರುತ್ತದೆ, ಬೆಂಕಿಪೊಟ್ಟಣದೊಳಗೆ ದುಂಬಿಯನ್ನು ಕೂಡಿಹಾಕಿದ ಹಾಗೆ. ಅದು ನಿಂತರೆ ತಕ್ಷಣ ಬರಬೇಕು ಎಂದು ಮೊದಲ ದಿನವೇ ಹೇಳಿ ಕಳಿಸಿದ್ದರು. ರಾತ್ರಿ ನಾಲ್ಕು ಸಲ ಎದ್ದು, ಅವರಿಗೆ ಎಚ್ಚರವಾಗದಂತೆ ಬೆರಳಿಟ್ಟು ನೋಡುತ್ತೇನೆ. ದುಂಬಿ ಇದೆ. ಮಲಗುತ್ತೇನೆ. ಮತ್ತೆ ಏಳುತ್ತೇನೆ.

ಈಗ ಕೇಳಬೇಕಾದದ್ದಕ್ಕೆ ಬರುತ್ತೇನೆ. ಮೊನ್ನೆ ಶುಕ್ರವಾರ ಈ ಸಾಲಿನ ಅರೆತ ಶುರುವಾಯಿತು. ಗಾಣಕ್ಕೆ ಪೂಜೆ ಮಾಡಿ, ಮೊದಲ ಕಬ್ಬಿನ ಹಾಲನ್ನು ಚೆಲುವರಾಯಸ್ವಾಮಿಯ ಪಟದ ಮುಂದೆ ಇಟ್ಟು ಎಲ್ಲರಿಗೂ ಹಂಚುವುದು ನಮ್ಮಲ್ಲಿ ರೂಢಿ. ಯಜಮಾನರು ಆಸೆಯಿಂದ ನೋಡಿದರು. ಪ್ರಸಾದ ಅಲ್ಲವೇ, ಏನೂ ಆಗುವುದಿಲ್ಲ ಎಂದು ನಾನೇ ಒಂದು ಲೋಟ ಕೊಟ್ಟೆ. ಶನಿವಾರ ತಕ್ಕಡಿ ಹತ್ತಿಸಿದರೆ 61.6 ಕೆ.ಜಿ. ಅವರ ಒಣ ತೂಕ, ಎಂದರೆ ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗ ಇರಬೇಕಾದ ತೂಕ, 58. ಮೂರನೆಯ ಗಂಟೆಯಲ್ಲಿ ಯಂತ್ರ ಕಿರುಚಲು ಹತ್ತಿತು. ಅವರ ಮುಖ ಸುಣ್ಣ ಬಳಿದಂತಾಗಿ, ಕಣ್ಣು ಮೇಲೆ ಹೋಯಿತು. ರಕ್ತದೊತ್ತಡ 80ಕ್ಕೆ 50 ಎಂದು ಯಾರೋ ಕೂಗಿದ್ದು ಕೇಳಿಸಿತು.

ನಾನು ಓಡಿದೆ. ಅವರ ಬಳಿಗಲ್ಲ, ಹೊರಗೆ. ಮೆಟ್ಟಿಲಿಳಿದು, ಔಷಧಿ ಅಂಗಡಿ ದಾಟಿ, ಆಟೋ ನಿಲ್ದಾಣದವರೆಗೆ. ಚಪ್ಪಲಿ ವಾರ್ಡಿನ ಬಾಗಿಲಲ್ಲೇ ಉಳಿದಿತ್ತು. ನಾರಾಯಣ ಎನ್ನಲು ಹೋದರೆ 'ನಾ' ಎಂಬಲ್ಲಿಂದ ಮುಂದಕ್ಕೆ ನಾಲಿಗೆ ಹೊರಳಲಿಲ್ಲ. ಎಷ್ಟು ಹೊತ್ತು ನಿಂತಿದ್ದೆನೋ. ವಾಪಸು ಹೋಗುವಷ್ಟರಲ್ಲಿ ಅವರು ಕಣ್ಣು ಬಿಟ್ಟು ನನ್ನನ್ನೇ ಹುಡುಕುತ್ತಿದ್ದರು.

ಅತ್ತೆ ಅಲ್ಲೇ ಇದ್ದರು, ಮಗನ ಕಾಲು ಹಿಡಿದುಕೊಂಡು. ಮನೆಗೆ ಬಂದ ಮೇಲೆ ಒಂದೇ ಮಾತು ಹೇಳಿದರು: "ದೇವರನ್ನು ನಂಬಿದವರು ಓಡುವುದಿಲ್ಲ." ಬೈಯಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ, ನೆಲ ನೋಡಿಕೊಂಡು ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ದೇವರು ಕರುಣಾಳು ಎಂಬುದನ್ನು ನಾನು ಯಾವತ್ತೂ ಅನುಮಾನಿಸಿದವಳಲ್ಲ. ಆದರೂ ಎದೆ ಹೀಗೆ ಹೊಡೆದುಕೊಳ್ಳುತ್ತದೆ ಎಂದರೆ, ಒಳಗೆ ಎಲ್ಲೋ ನನಗೆ ನಂಬಿಕೆಯೇ ಇಲ್ಲವೇ? ಭಯವೂ ನಂಬಿಕೆಯೂ ಒಂದೇ ಎದೆಯಲ್ಲಿ ಇರಬಹುದೇ? ಹಿರಿಯರು, ಓದಿಕೊಂಡವರು ಏನೆನ್ನುತ್ತಾರೆ?

ಒಂದು ವಿನಂತಿ. ಕಷ್ಟ ಕೊಡುವುದೂ ಅವನ ಕರುಣೆಯೇ, ಕಬ್ಬನ್ನು ಹಿಂಡಿದರೆ ತಾನೇ ಹಾಲು ಎಂದು ದಯವಿಟ್ಟು ಯಾರೂ ಬರೆಯಬೇಡಿ. ಈ 14 ತಿಂಗಳಲ್ಲಿ ಕಡಿಮೆಯೆಂದರೂ ಮೂವತ್ತು ಜನ ಹೇಳಿದ್ದಾರೆ. ಹಿಂಡುವುದು ಎಂದರೇನು ಎಂದು ಗಾಣದ ಮುಂದೆ ನಿಂತವಳಿಗೆ ಗೊತ್ತು. ಹಾಲು ಕೊಪ್ಪರಿಗೆಗೆ ಹೋಗುತ್ತದೆ, ನಿಜ. ಸಿಪ್ಪೆ ಒಲೆಗೆ ಹೋಗುತ್ತದೆ.


ಮೊದಲ ಪಾಳಿ
ಸೋಮವಾರ, ಬೆಳಿಗ್ಗೆ 5:55

ಅಕ್ಕ, ನಾನು ಡಯಾಲಿಸಿಸ್ ತಂತ್ರಜ್ಞ, ಹಾಸನದ ಕಡೆ ಕೆಲಸ. ಪಾಳಿಗೆ ಹೊರಟಿದ್ದೇನೆ, ಬೇಗ ಬೇಗ ಬರೆಯುತ್ತೇನೆ.

ಮೊದಲು ಆ ಲೋಟದ ಲೆಕ್ಕ. ಒಂದು ಲೋಟ ಎಂದರೆ 200 ಮಿಲಿ ಲೀಟರ್. ತೂಕದಲ್ಲಿ ಸುಮಾರು 200 ಗ್ರಾಂ. ಯಜಮಾನರು ಹೆಚ್ಚು ಹೊತ್ತು ತಂದದ್ದು ಮೂರೂವರೆ ಕೆ.ಜಿ.ಗೂ ಮೇಲೆ. ಉಳಿದ ಮೂರು ಕೆ.ಜಿ. ನಿಮ್ಮ ಲೋಟದಿಂದ ಬಂದದ್ದಲ್ಲ. ಅರೆತದ ದಿನ ಒಲೆಯ ಮುಂದೆ ನಿಂತಿರುತ್ತಾರೆ, ಬಾಯಾರುತ್ತದೆ, ಆಳುಗಳ ಜೊತೆ ಅವರೂ ಚೊಂಬು ಎತ್ತಿರುತ್ತಾರೆ. ಪೂಜೆಯ ಅಡುಗೆಯಲ್ಲಿ ಉಪ್ಪೂ ಹೆಚ್ಚೇ ಇದ್ದಿರಬೇಕು. ಉಪ್ಪು ಒಳಗೆ ಹೋದರೆ ನೀರು ಹಿಂದೆಯೇ ಬರುತ್ತದೆ. ಅವರನ್ನೇ ಕೇಳಿ ನೋಡಿ, ಒಪ್ಪಿಕೊಳ್ಳುತ್ತಾರೆ.

ರಕ್ತದೊತ್ತಡ ಕುಸಿದದ್ದಕ್ಕೂ ಕಾರಣ ಇದೇ. ನಾಲ್ಕೇ ಗಂಟೆಯಲ್ಲಿ ಅಷ್ಟೂ ನೀರನ್ನು ಎಳೆಯಬೇಕು. ಮೈಯಲ್ಲಿ ಸೇರಿಕೊಂಡ ನೀರು ರಕ್ತನಾಳಕ್ಕೆ ವಾಪಸಾಗುವ ವೇಗಕ್ಕಿಂತ ಯಂತ್ರ ಎಳೆಯುವ ವೇಗ ಹೆಚ್ಚಾದರೆ ಒತ್ತಡ ಬೀಳುತ್ತದೆ. ನಾವು ಕಾಲಿನ ಕಡೆ ಎತ್ತರಿಸುತ್ತೇವೆ, ಎಳೆತ ನಿಲ್ಲಿಸುತ್ತೇವೆ, ಸಲೈನ್ ಬಿಡುತ್ತೇವೆ. ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಮುಖಕ್ಕೆ ಬಣ್ಣ ಬರುತ್ತದೆ. ನಮ್ಮ ವಾರ್ಡಿನಲ್ಲಿ ಇದು ಅಪರೂಪದ ಸಂಗತಿಯಲ್ಲ. ನಿಮಗೆ ಯಾರಾದರೂ ಮೊದಲೇ ಹೇಳಬೇಕಿತ್ತು.

ಒತ್ತಡದ ಮಾತ್ರೆಯನ್ನು ಡಯಾಲಿಸಿಸ್ ದಿನ ಬೆಳಿಗ್ಗೆಯೇ ನುಂಗುತ್ತಿದ್ದಾರೆಯೇ, ಯಂತ್ರದ ಮೇಲಿರುವಾಗ ಹೊಟ್ಟೆತುಂಬ ತಿಂಡಿ ತಿನ್ನುತ್ತಾರೆಯೇ, ಇವೆರಡನ್ನೂ ವೈದ್ಯರಿಗೆ ಹೇಳಿ ಕೇಳಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.

ಹಾಗೆಂದು ಕಬ್ಬಿನ ಹಾಲು ಕೊಡಬಹುದು ಎಂದು ನಾನು ಹೇಳುತ್ತಿಲ್ಲ. ಅದರಲ್ಲಿ ಪೊಟ್ಯಾಸಿಯಂ ಇದೆ, ಎಳನೀರಿನ ಹಾಗೆಯೇ; ಕೈಕೊಟ್ಟ ಮೂತ್ರಪಿಂಡ ಅದನ್ನು ಹೊರಹಾಕಲಾರದು. ಪ್ರಸಾದ ಎಂದರೆ ಉದ್ಧರಣೆಯಲ್ಲಿ ಒಂದು ಹನಿ, ನಾಲಿಗೆ ಒದ್ದೆಯಾಗುವಷ್ಟು. ದೇವರು ಅಳತೆ ಕೇಳುವುದಿಲ್ಲ, ನಾವು ಕೇಳುತ್ತೇವೆ.

ಫಿಸ್ಟುಲಾ ಬೆರಳಿಟ್ಟು ನೋಡುವುದು ಒಳ್ಳೆಯ ಅಭ್ಯಾಸ. ಬೆಳಿಗ್ಗೆ ಒಂದು ಸಲ, ಮಲಗುವ ಮುನ್ನ ಒಂದು ಸಲ ಸಾಕು. ಆ ಕೈ ಮೇಲೆ ಅವರು ತಲೆ ಇಟ್ಟು ಮಲಗದಂತೆ ನೋಡಿಕೊಳ್ಳಿ, ಆ ಕೈಯಲ್ಲಿ ರಕ್ತದೊತ್ತಡ ಅಳೆಯಲು ಯಾರಿಗೂ ಬಿಡಬೇಡಿ. ರಾತ್ರಿ ನೀವೂ ನಿದ್ದೆ ಮಾಡಬೇಕು.

ನಂಬಿಕೆಯ ಪ್ರಶ್ನೆಗೆ ಉತ್ತರ ಹೇಳುವಷ್ಟು ನಾನು ತಿಳಿದವನಲ್ಲ. ನಾನು ಪಾಳಿ ಶುರುವಾಗುವ ಮುನ್ನ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತೇನೆ. ಆಮೇಲೆ ಕೊಳವೆಯಲ್ಲಿ ಗಾಳಿಗುಳ್ಳೆ ಇದೆಯೇ ಎಂದು ಎರಡೆರಡು ಸಲ ನೋಡುತ್ತೇನೆ. ಹತ್ತು ವರ್ಷವಾಯಿತು, ಎರಡರಲ್ಲಿ ಯಾವುದನ್ನೂ ಬಿಟ್ಟಿಲ್ಲ.

ಬಸ್ ಬಂತು.


ಬಯಲುಸೀಮೆ
ಸೋಮವಾರ, ಮಧ್ಯಾಹ್ನ 1:20

ಕರುಣೆ ಎಂಬ ಪದ ಕಂಡರೆ ನನಗೆ ರೇಗುತ್ತದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಆ ಸಿಪ್ಪೆಯ ಮಾತು ಹೇಳಿದ್ದು ನೀವೊಬ್ಬರೇ.

ಆರು ವರ್ಷದ ಹಿಂದೆ ನನ್ನ ತಮ್ಮ ಬೈಕಿನಿಂದ ಬಿದ್ದ. 23 ವರ್ಷ. ಮೂರು ದಿನ ತೀವ್ರ ನಿಗಾ ಘಟಕ. ಆ ಮೂರು ದಿನದಲ್ಲಿ ನಮ್ಮ ಮನೆಯವರು ಹರಕೆ ಹೊರದ ದೇವರಿಲ್ಲ. ಮೆದುಳು ಸತ್ತಿದೆ ಎಂದು ವೈದ್ಯರು ಹೇಳಿದರು, ಗಂಟೆಗಳು ಕಳೆದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ ಅದನ್ನೇ ಹೇಳಿದರು. ಆಗ ಒಬ್ಬ ಹೆಣ್ಣುಮಗಳು ಬಂದು ಅಮ್ಮನ ಪಕ್ಕ ಕುಳಿತು ಅಂಗಾಂಗ ದಾನದ ವಿಷಯ ತೆಗೆದಳು. ನಾನು ಅವಳ ಮೇಲೆ ಕೂಗಾಡಿದೆ. ಅಮ್ಮ ನನ್ನನ್ನು ಹೊರಗೆ ಹೋಗು ಎಂದರು.

ಅಮ್ಮ ಹೆಬ್ಬೆಟ್ಟು ಒತ್ತುವವರಲ್ಲ, ನಾಲ್ಕನೆಯ ತರಗತಿ ಓದಿದವರು. ಪೂರ್ತಿ ಹೆಸರು ಬರೆದರು, ಗಂಡನ ಹೆಸರು ಸೇರಿಸಿ. ಅಕ್ಷರ ಅಲುಗಲಿಲ್ಲ.

ಎರಡು ಮೂತ್ರಪಿಂಡ, ಯಕೃತ್ತು, ಕಣ್ಣುಗಳು. ಯಾರಿಗೆ ಹೋಯಿತು ಎಂದು ನಮಗೆ ಹೇಳುವುದಿಲ್ಲ, ಅದು ನಿಯಮ. ಅಂದು ರಾತ್ರಿ ಎಲ್ಲೋ ಎರಡು ಮನೆಗಳಲ್ಲಿ ಫೋನ್ ಹೊಡೆದುಕೊಂಡಿರಬೇಕು. ಅವರು ದೇವರ ಕರುಣೆ ಎಂದು ಕೈ ಮುಗಿದಿರಬೇಕು. ಮುಗಿಯಲಿ. ಅದು ನಮ್ಮ ಅಮ್ಮನ ಸಹಿ.

ಕೆಲಸದ ಮಾತು: ಯಜಮಾನರ ಹೆಸರನ್ನು ಕಸಿಗಾಗಿ ಜೀವಸಾರ್ಥಕತೆಯಲ್ಲಿ ನೋಂದಾಯಿಸಿದ್ದೀರಾ? ಅಂಗಾಂಗ ಹಂಚುವ ಸಂಸ್ಥೆ ಅದು, ರಾಜ್ಯ ಸರ್ಕಾರದ್ದು. ನೋಂದಣಿ ಆಸ್ಪತ್ರೆಯ ಮೂಲಕವೇ ಆಗಬೇಕು, ಕಸಿ ಮಾಡುವ ಅನುಮತಿ ಇರುವ ಆಸ್ಪತ್ರೆಯಲ್ಲಿ. ಸರತಿ ಉದ್ದ ಇದೆ. ಹೆಸರು ಹಾಕದವರಿಗೆ ಸರತಿಯೇ ಇಲ್ಲ. ಮನೆಯವರಲ್ಲಿ ಯಾರಾದರೂ ಕೊಡಬಹುದೇ ಎಂಬುದನ್ನೂ ಕೇಳಿಸಿ.


ಹ್ಯಾಂಡ್‌ಪೋಸ್ಟ್ ನಿವಾಸಿ
ಸೋಮವಾರ, ರಾತ್ರಿ 9:05

ಅಮ್ಮಾ, ಅಂಚೆ ಇಲಾಖೆಯಲ್ಲಿ 36 ವರ್ಷ ದುಡಿದು ನಿವೃತ್ತನಾದವನು ನಾನು. ಕೆಲವು ವರ್ಷ ಮೇಲುಕೋಟೆಯಲ್ಲೂ ಇದ್ದೆ. ಈಗ ಕೊಳ್ಳೇಗಾಲದ ಕಡೆ, ಸತ್ತೇಗಾಲ ಹ್ಯಾಂಡ್‌ಪೋಸ್ಟಿಗೆ ಹತ್ತಿರ ವಾಸ. ಪ್ರವಾಸಿಗಳು ಇಲ್ಲಿ ತಿರುವು ತೆಗೆದುಕೊಂಡು ಭರಚುಕ್ಕಿ ನೋಡಲು ಹೋಗುತ್ತಾರೆ. ಊರೊಳಗೆ ಬರುವವರು ಕಡಿಮೆ. ನಿಮ್ಮ ಅತ್ತೆಯವರ ಮಾತಿಗೆ ಉತ್ತರ ಈ ಊರಿನಲ್ಲಿದೆ ಎಂದು ನನಗೆ ಅನ್ನಿಸುವುದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಸಹಿಸಿಕೊಳ್ಳಿ.

1323ರಲ್ಲಿ ದೆಹಲಿಯ ಸೇನೆ ತಮಿಳುನಾಡಿನ ಶ್ರೀರಂಗದ ಮೇಲೆ ಬಂತು. ಮುಂದೆ ಮಹಮ್ಮದ್ ಬಿನ್ ತುಘಲಕ್ ಎಂದು ಸುಲ್ತಾನನಾದ ಉಲುಗ್ ಖಾನನ ದಂಡಯಾತ್ರೆ ಅದು. ಆಗ ಶ್ರೀರಂಗದಲ್ಲಿದ್ದ ದೊಡ್ಡ ಶ್ರೀವೈಷ್ಣವ ಆಚಾರ್ಯರಲ್ಲಿ ಪಿಳ್ಳೈ ಲೋಕಾಚಾರ್ಯರು ರಂಗನಾಥನ ಉತ್ಸವಮೂರ್ತಿಯನ್ನು ಎತ್ತಿಕೊಂಡು ದಕ್ಷಿಣದ ಕಾಡುದಾರಿ ಹಿಡಿದರು. ಅವರು ಮತ್ತೆ ಶ್ರೀರಂಗವನ್ನು ನೋಡಲಿಲ್ಲ, ದಾರಿಯಲ್ಲೇ ತೀರಿಕೊಂಡರು. ಇನ್ನೊಬ್ಬರು ವೇದಾಂತ ದೇಶಿಕರು. ಸುದರ್ಶನ ಸೂರಿ ಎಂಬ ವೃದ್ಧ ವಿದ್ವಾಂಸರು ತಮ್ಮ ಇಬ್ಬರು ಮಕ್ಕಳನ್ನೂ ತಾವು ಬರೆದ ಓಲೆಗರಿಯ ಕಟ್ಟನ್ನೂ ಅವರ ಕೈಗಿಟ್ಟರು. ಆ ಮಕ್ಕಳ ಜೊತೆ ದೇಶಿಕರು ರಾತ್ರಿಯೆಲ್ಲ ಹೆಣಗಳ ನಡುವೆ ಹೆಣದಂತೆ ಮಲಗಿದ್ದು, ಆಮೇಲೆ ತಪ್ಪಿಸಿಕೊಂಡರು ಎಂದು ಗುರುಪರಂಪರೆಯ ಕಥೆಗಳು ಹೇಳುತ್ತವೆ. ಕಾವೇರಿಯ ಹರಿವಿಗೆ ಎದುರಾಗಿ ಮೇಲೆ ಮೇಲೆ ಬಂದು ಅವರು ಸೇರಿದ್ದು ಈ ಊರನ್ನು. ಶಾಸ್ತ್ರಿಗಳು ಸತ್ಯಾಗಾಲ ಎನ್ನುತ್ತಾರೆ, ಬಸ್ಸಿನ ಫಲಕದಲ್ಲಿ ಸತ್ತೇಗಾಲ.

ಆಗ ಅವರಿಗೆ 55 ವರ್ಷ. ವಾದದಲ್ಲಿ ಸೋಲದವರು ಎಂದು ಹೆಸರಾದವರು. ಶರಣಾಗತಿ ಎಂದರೇನು ಎಂದು ಊರಿಗೆಲ್ಲ ಪಾಠ ಹೇಳಿದವರು. ಅವರೂ ಓಡಿದರು, ಅಮ್ಮಾ. ಬದುಕಿಸಬೇಕಾದ ಮಕ್ಕಳು ಜೊತೆಗಿದ್ದರು, ನಿಜ. ಆದರೆ ಹೆಣಗಳ ನಡುವೆ ಮಲಗಿದ್ದಾಗ ಎದೆ ಹೊಡೆದುಕೊಳ್ಳಲಿಲ್ಲ ಎಂದು ಯಾವ ಕಥೆಯೂ ಹೇಳಿಲ್ಲ.

ಇಲ್ಲಿದ್ದಾಗ ಅವರು ರಚಿಸಿದ್ದು ಎಂದು ಸಂಪ್ರದಾಯ ಹೇಳುವ ಸ್ತೋತ್ರದ ಹೆಸರು ಅಭೀತಿಸ್ತವ. ಭೀತಿ ಎಂದರೆ ಭಯ, ಅಭೀತಿ ಎಂದರೆ ಭಯವಿಲ್ಲದಿರುವುದು. ಶ್ರೀರಂಗಕ್ಕೆ ಬಂದ ಭಯವನ್ನು ಕಳೆ, ನಮಗೆ ಅಭಯ ಕೊಡು ಎಂದು ರಂಗನಾಥನನ್ನು ಬೇಡುವ ಸ್ತೋತ್ರ. ನಾನು ಇದನ್ನು ಚಿಕ್ಕಂದಿನಲ್ಲಿ ಉರು ಹೊಡೆದವನು, ಅರ್ಥ ಹೊಳೆದದ್ದು ಅರವತ್ತಾದ ಮೇಲೆ. ಹಸಿವಿಲ್ಲದವನು ಊಟ ಕೇಳುತ್ತಾನೆಯೇ? ಭಯವಿಲ್ಲದವನು ಅಭಯ ಕೇಳುತ್ತಾನೆಯೇ? ನೂರಾರು ವರ್ಷಗಳಿಂದ ಜನ ಧೈರ್ಯಕ್ಕಾಗಿ ಹೇಳಿಕೊಳ್ಳುವ ಆ ಸಾಲುಗಳು ಹುಟ್ಟಿದ್ದು ಓಡಿಬಂದವರ ಬಾಯಲ್ಲಿ.

ಇನ್ನು ಶಾಸ್ತ್ರದ ಮಾತು. ಶರಣಾಗತಿಗೆ ಅಂಗಗಳನ್ನು ಎಣಿಸುತ್ತಾರೆ. ನಿಮ್ಮ ಅತ್ತೆಯವರು ಹೇಳಿದ್ದು ಅದರಲ್ಲಿ ಒಂದು: ಖಂಡಿತ ಕಾಪಾಡುತ್ತಾನೆ ಎಂಬ ವಿಶ್ವಾಸ. ಅವರ ಮಾತು ತಪ್ಪಲ್ಲ. ಆದರೆ ಅದೇ ಪಟ್ಟಿಯಲ್ಲಿ, ಅದಕ್ಕೆ ಸಮನಾಗಿ, ಕಾರ್ಪಣ್ಯ ಎಂಬುದೂ ಇದೆ. ನನ್ನ ಕೈಯಲ್ಲಿ ಏನೂ ಇಲ್ಲ, ನನಗೆ ಬೇರೆ ದಿಕ್ಕಿಲ್ಲ ಎಂದು ಕುಸಿದು ನಿಲ್ಲುವುದು. ಆಟೋ ನಿಲ್ದಾಣದಲ್ಲಿ ಬರಿಗಾಲಲ್ಲಿ, 'ನಾ' ಎಂಬ ಒಂದಕ್ಷರ ಹಿಡಿದುಕೊಂಡು ನಿಂತದ್ದು ಆ ಲೆಕ್ಕಕ್ಕೆ ಬರದಿದ್ದರೆ ಇನ್ನಾವುದು ಬಂದೀತು? ಅಂದು ಅತ್ತೆ ಸೊಸೆ ಇಬ್ಬರೂ ಒಂದೊಂದು ಅಂಗ ಹಿಡಿದುಕೊಂಡಿದ್ದಿರಿ. ಅವರ ಬೆರಳಿಗೆ ಸುತ್ತಿಕೊಂಡಿದ್ದ ಸೆರಗನ್ನು ನೀವೇ ನೋಡಿದ್ದೀರಿ.

ಶ್ರೀವೈಷ್ಣವರಲ್ಲಿ ಒಂದು ಹಳೆಯ ಜಗಳ ಇದೆ. ಕೋತಿಮರಿಯ ಹಾಗೆ ನಾವು ದೇವರನ್ನು ಹಿಡಿದುಕೊಳ್ಳಬೇಕೋ, ಬೆಕ್ಕಿನ ಮರಿಯ ಹಾಗೆ ಅವನೇ ಕಚ್ಚಿ ಎತ್ತಿಕೊಂಡು ಹೋಗುತ್ತಾನೋ ಎಂದು. ದೇಶಿಕರನ್ನು ಅನುಸರಿಸುವವರು ಕೋತಿಯ ಕಡೆ, ಲೋಕಾಚಾರ್ಯರನ್ನು ಅನುಸರಿಸುವವರು ಬೆಕ್ಕಿನ ಕಡೆ. ಮೇಲುಕೋಟೆಯಲ್ಲಿ ಯೋಗನರಸಿಂಹನ ಬೆಟ್ಟದ ಮೆಟ್ಟಿಲು ಹತ್ತಿದವರಿಗೆ ಕೋತಿಗಳ ವಿಷಯ ಹೇಳಬೇಕಾಗಿಲ್ಲ, ಕೈಯಲ್ಲಿದ್ದ ತೆಂಗಿನಕಾಯಿ ಹೋಗಿರುತ್ತದೆ. ಅಲ್ಲಿ ನಾನು ನೋಡಿದ್ದು ಇಷ್ಟು: ತಾಯಿ ಮಂಟಪದಿಂದ ಮಂಟಪಕ್ಕೆ ಹಾರುವಾಗಲೇ ಮರಿ ಹೊಟ್ಟೆಯ ಕೂದಲನ್ನು ಬಿಗಿಯಾಗಿ ಹಿಡಿಯುವುದು. ಸುಮ್ಮನೆ ಕುಳಿತಾಗ ಹಿಡಿತ ಸಡಿಲ.

ಬೆಕ್ಕಿನದು ಬೇರೆ ಕಥೆ. ನಾನಿದ್ದ ಒಂದು ಕಚೇರಿಯ ಹಿಂದಿನ ಕೋಣೆಯಲ್ಲಿ ಹಳೆಯ ಟಪ್ಪಾಲು ಚೀಲಗಳ ರಾಶಿ ಇತ್ತು. ಬೆಕ್ಕೊಂದು ಅದರ ಮೇಲೆ ನಾಲ್ಕು ಮರಿ ಹಾಕಿತ್ತು. ಸುಣ್ಣ ಬಳಿಯುವವರು ಬರುತ್ತಾರೆ ಎಂದು ನಾವು ಸದ್ದು ಮಾಡಿದ್ದಕ್ಕೆ ಅದು ಜಾಗ ಬದಲಾಯಿಸತೊಡಗಿತು. ಕಿಟಕಿಯ ಸರಳಿನ ನಡುವೆ ನುಸುಳಿ, ಕಾಂಪೌಂಡ್ ದಾಟಿ, ಎಲ್ಲಿಗೋ. ಒಂದು ಸಲಕ್ಕೆ ಒಂದೇ ಮರಿ. ಕತ್ತು ಕಚ್ಚಿ ಎತ್ತಿದ ಮರಿ ಕಾಲು ಮುದುಡಿಕೊಂಡು ಸುಮ್ಮನೆ ನೇತಾಡುತ್ತದೆ, ಅದು ನಿಜ. ಶಾಸ್ತ್ರದವರು ನೋಡಿದ್ದು ಆ ಮರಿಯನ್ನು. ನಾನು ನೋಡಿದ್ದು ಚೀಲದ ಮೇಲೆ ಉಳಿದವನ್ನು. ಎರಡನೆಯದನ್ನು ಒಯ್ದ ಮೇಲೆ ಅರ್ಧ ಗಂಟೆ ತಾಯಿ ಬರಲೇ ಇಲ್ಲ. ಮೂರನೆಯ ಮರಿ ಕೂಗಿಕೊಂಡ ಹಾಗೆ ನಾನು ಬೆಕ್ಕಿನ ಮರಿ ಕೂಗಿದ್ದನ್ನು ಕೇಳಿಲ್ಲ. ಕಣ್ಣು ಇನ್ನೂ ಸರಿಯಾಗಿ ಬಿಟ್ಟಿರಲಿಲ್ಲ, ಮೈಯೆಲ್ಲ ಬಾಯಾಗಿ, ಚೀಲದ ಮೇಲೆ ತಡಬಡಿಸಿ ಮೊಹರಿನ ಅರಗು ಅಂಟಿದ್ದ ಅಂಚಿನವರೆಗೂ ತೆವಳಿತು. ಮುದ್ರೆ ಒತ್ತುವುದನ್ನು ಬಿಟ್ಟು ನಾನು ಅಲ್ಲೇ ನಿಂತೆ. ಆ ಮರಿಗೆ ತಾಯಿಯ ಮೇಲೆ ನಂಬಿಕೆ ಇಲ್ಲ ಎಂದು ನಾನಂತೂ ಹೇಳಲಾರೆ. ಅದು ಕೂಗುತ್ತಿದ್ದದ್ದಾದರೂ ಯಾರನ್ನು?

ಇಷ್ಟಕ್ಕೆ ನಿಲ್ಲಿಸಬಹುದಿತ್ತು, ಆದರೆ ಬಯಲುಸೀಮೆಯವರ ಬರಹ ಓದಿದ ಮೇಲೆ ಇನ್ನೊಂದು ಹೇಳದೆ ಮುಗಿಸಿದರೆ ಅನ್ಯಾಯ. ಶ್ರೀರಂಗಕ್ಕೆ ಆ ಮೂರ್ತಿ ಮರಳಿದ್ದು 1371ರಲ್ಲಿ. ಮೂರ್ತಿ ಊರೂರು ಅಲೆಯಿತು, ನಿಮ್ಮ ಮೇಲುಕೋಟೆಯಲ್ಲೂ ಕೆಲಕಾಲ ಇತ್ತು, ತಿರುಮಲೆಯಲ್ಲೂ ಇತ್ತು. ಕೊನೆಗೆ ವಿಜಯನಗರದ ಕುಮಾರ ಕಂಪಣನ ಅಧಿಕಾರಿ ಗೋಪಣಾರ್ಯ ಅದನ್ನು ವಾಪಸು ತಂದು ನಿಲ್ಲಿಸಿದ. ಕಲ್ಲಿನ ಮೇಲೆ ಶಾಸನ ಇದೆ. ಎಷ್ಟು ವರ್ಷವಾಯಿತು ನೋಡಿ: 48. ನಿಮ್ಮ ಯಜಮಾನರ ವಯಸ್ಸಿನಷ್ಟು ಕಾಲ ಆ ಪ್ರಾರ್ಥನೆ ಹಾಗೇ ನಿಂತಿತ್ತು.

ದೇಶಿಕರು ಅದನ್ನು ಕಣ್ಣಾರೆ ಕಂಡರೇ? ಕಂಡರು, ಗೋಪಣಾರ್ಯನನ್ನು ಹೊಗಳಿದ ಆ ಶಾಸನದ ಶ್ಲೋಕ ಅವರದ್ದೇ ಎನ್ನುತ್ತದೆ ಸಂಪ್ರದಾಯ. ಅದೇ ಸಂಪ್ರದಾಯ ಅವರ ಕಾಲವನ್ನು 1268ರಿಂದ 1369 ಎಂದೂ ಹೇಳುತ್ತದೆ. ಎರಡು ವರ್ಷದ ತಾಳೆ ಸಿಗುವುದಿಲ್ಲ. ವಿದ್ವಾಂಸರು ವಾದಿಸುತ್ತಾರೆ, ನಾನು ಆ ವಾದಕ್ಕೆ ಹೋಗುವುದಿಲ್ಲ. ನನಗೆ ಆ ಎರಡು ವರ್ಷದ ಬಿರುಕಿನ ಮೇಲೆಯೇ ಮಮತೆ. ಕಾಣದೆ ಹೋಗಿದ್ದರೂ ಹೋಗಿರಬಹುದು ಎಂದುಕೊಂಡು ಓದಿದಾಗ ಆ ಸ್ತೋತ್ರ ನನಗೆ ಹೆಚ್ಚು ಹತ್ತಿರವಾಗುತ್ತದೆ. ಬೇಡಿದ್ದೆಲ್ಲ ಸಿಗುತ್ತದೆ ಎಂದು ನಿಮಗೆ ನಾನು ಬರೆದುಕೊಡಲಾರೆ.

ಬಯಲುಸೀಮೆಯವರೇ, ನಿಮ್ಮ ತಾಯಿಯವರ ಸಹಿಯ ವಿಷಯಕ್ಕೆ ನನ್ನಲ್ಲಿ ಮಾತಿಲ್ಲ. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಕೊನೆಯದಾಗಿ, ಕಬ್ಬು ಹಿಂಡುವ ಮಾತು ಬೇಡ ಎಂದಿರಿ, ಒಪ್ಪಿದೆ. ಪಾಕದ ಮಾತು ಆಡಬಹುದೇ? ಇದೇ ದೇಶಿಕರು ತಿರುಪತಿಯ ಬೆಟ್ಟವನ್ನು ಕುರಿತು ಬರೆದಿದ್ದಾರೆ: ಶ್ರೀನಿವಾಸನ ದಯೆ ಕಬ್ಬಿನ ರಸದ ಹೊಳೆಯ ಹಾಗೆ ಹರಿದು, ಗಟ್ಟಿಯಾಗಿ, ಸಕ್ಕರೆಯ ಬೆಟ್ಟವಾಗಿ ನಿಂತಿದೆ ಎಂದು. ಹಾಲು ಯಾವಾಗ ಅಚ್ಚಿಗೆ ಬರುತ್ತದೆ ಎಂಬುದು ಟಪ್ಪಾಲಿನವನಿಗೆ ತಿಳಿಯದು. ನಿಮಗೆ ತಿಳಿದಿರುತ್ತದೆ.


ಆಲೆಮನೆಯವಳು
ಮಂಗಳವಾರ, ರಾತ್ರಿ 10:15

ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ. ಇಂದು ಮಂಗಳವಾರ, ಹೋಗಿ ಬಂದೆವು. ತೂಕ 60.2. ಮೊದಲ ಪಾಳಿಯ ತಮ್ಮಾ, ಚೊಂಬಿನ ವಿಷಯ ಕೇಳಿದೆ. ಯಜಮಾನರು ಮೊದಲು ಇಲ್ಲ ಎಂದರು, ಆಮೇಲೆ ನಕ್ಕರು. ಎರಡು ಚೊಂಬಂತೆ, ಅದರ ಮೇಲೆ ಆಳುಗಳ ಜೊತೆ ಟೀ ಬೇರೆ. ಪೂಜೆಯ ದಿನದ ಹುಳಿಯನ್ನೂ ಎರಡು ಸಲ ಬಡಿಸಿಕೊಂಡಿದ್ದರು. ನಾನು ಎರಡು ರಾತ್ರಿ ಆ ಲೋಟವನ್ನೇ ನೋಡಿಕೊಂಡು ಅಳುತ್ತಿದ್ದೆ. ಇನ್ನೂರು ಗ್ರಾಂ ಎಂದು ನೀವು ಬರೆದದ್ದನ್ನು ಓದಿ, ಹೋಗಿ ಆ ಲೋಟ ತೊಳೆದಿಟ್ಟೆ.

ಈ ದಿನ ಓಡಲಿಲ್ಲ ಎಂದು ಬರೆಯಲು ಆಸೆ. ಎರಡನೆಯ ಗಂಟೆಯಲ್ಲಿ ಯಂತ್ರ ಮತ್ತೆ ಕಿರುಚಿತು. ಕೊಳವೆ ಮಡಿಚಿಕೊಂಡಿತ್ತಂತೆ, ಅಷ್ಟೇ. ಅದು ಗೊತ್ತಾಗುವಷ್ಟರಲ್ಲಿ ನಾನು ಬಾಗಿಲ ಹೊರಗಿದ್ದೆ. ಆದರೆ ಈ ಸಲ ಚಪ್ಪಲಿ ಹಾಕಿಕೊಂಡೇ ಹೋಗಿದ್ದೆ.

ಬಯಲುಸೀಮೆಯವರೇ, ನಿಮಗೆ ಏನು ಬರೆಯಬೇಕೋ ತೋಚುತ್ತಿಲ್ಲ. ಹೆಸರು ಹಾಕಿಸಿ ಎಂಟು ತಿಂಗಳಾಯಿತು. ಫೋನ್ ಹೊಡೆದುಕೊಂಡರೆ ಸಾಕು ಎಂದು ದಿನಾ ಬೇಡುತ್ತೇನೆ. ಆ ಫೋನ್ ನನಗೆ ಬರಬೇಕಾದರೆ ಇನ್ನೊಂದು ಮನೆಯಲ್ಲಿ ಏನಾಗಿರಬೇಕು ಎಂಬುದನ್ನು ನಿಮ್ಮ ಬರಹ ಓದುವವರೆಗೆ ನಾನು ಒಂದು ದಿನವೂ ಯೋಚಿಸಿರಲಿಲ್ಲ. ನಿನ್ನೆ ರಾತ್ರಿ ದೀಪ ಹಚ್ಚಿ ಕುಳಿತೆ, ಏನು ಕೇಳಬೇಕೆಂದು ತಿಳಿಯದೆ ಸುಮ್ಮನೆ ಎದ್ದೆ. ನನ್ನ ಇಬ್ಬರು ನಾದಿನಿಯರ ರಕ್ತಪರೀಕ್ಷೆಗೆ ಹೇಳಿದ್ದಾರೆ. ನನ್ನದು ಹೊಂದುವುದಿಲ್ಲ. ನಿಮ್ಮ ಅಮ್ಮ ಬೆಲ್ಲ ತಿನ್ನುತ್ತಾರೆಯೇ? ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಒಂದೆರಡು ಅಚ್ಚು ಕಳಿಸಬೇಕು ಅನ್ನಿಸುತ್ತಿದೆ. ತಪ್ಪು ತಿಳಿಯಬೇಡಿ.

ಹಿರಿಯರೇ, ನಿಮ್ಮ ಬರಹವನ್ನು ಯಂತ್ರದ ಪಕ್ಕ ಕುಳಿತು ಯಜಮಾನರಿಗೂ ಅತ್ತೆಗೂ ಓದಿ ಹೇಳಿದೆ. ಕಾರ್ಪಣ್ಯ ಎಂಬಲ್ಲಿಗೆ ಬಂದಾಗ ಅತ್ತೆ ಸೆರಗು ಬಿಟ್ಟು ಕೈ ಕಟ್ಟಿಕೊಂಡರು, ನಾನು ನೋಡಿದ್ದು ಗೊತ್ತಾಗಿ. ಯಜಮಾನರಿಗೆ 48 ವರ್ಷದ ಲೆಕ್ಕ ಹಿಡಿಸಿತು. "ಕಲ್ಲಿನಲ್ಲಿ ಬರೆಸಿದ್ದಾರೆಂದರೆ ಸುಳ್ಳಲ್ಲ" ಎಂದರು.

ಪಾಕದ ವಿಷಯ ಕೇಳಿದಿರಿ. ಕೊಪ್ಪರಿಗೆಯಲ್ಲಿ ಹಾಲು ಉಕ್ಕಿ ಉಕ್ಕಿ, ಕೊನೆಗೆ ಗುಳ್ಳೆ ದಪ್ಪವಾಗಿ, ಸದ್ದು ಬದಲಾಗುತ್ತದೆ. ಬಟ್ಟಲಿನ ತಣ್ಣೀರಿಗೆ ಒಂದು ತೊಟ್ಟು ಬಿಟ್ಟು ಬೆರಳಲ್ಲಿ ಉರುಟಿ ನೋಡುತ್ತೇವೆ. ಉಂಡೆ ಕಟ್ಟಿದರೆ ಇಳಿಸುತ್ತೇವೆ. ಕಟ್ಟದಿದ್ದರೆ ಇನ್ನೂ ಒಲೆ. ಆದರೆ ಚೌಳು ನೆಲದ ಕಬ್ಬಾದರೆ ಎಷ್ಟು ಕಾಯಿಸಿದರೂ ಅಚ್ಚು ಗಟ್ಟಿಯಾಗುವುದಿಲ್ಲ, ಮಣೆಯ ಮೇಲೇ ಜಿನುಗುತ್ತದೆ. ಅದು ನಿಮ್ಮ ಶ್ಲೋಕದಲ್ಲಿ ಇದೆಯೋ ಇಲ್ಲವೋ. ನಾವು ಅದನ್ನು ಚೆಲ್ಲುವುದಿಲ್ಲ, ಜೋನಿ ಎಂದು ಡಬ್ಬಕ್ಕೆ ತುಂಬಿಡುತ್ತೇವೆ. ದೋಸೆಗೆ ಅದೇ ರುಚಿ.

ಒಂದು ಪ್ರಶ್ನೆ ಉಳಿದಿದೆ. ನನ್ನದಲ್ಲ, ಅತ್ತೆಯದು. ಬಸ್ಸಿನಲ್ಲಿ ಎರಡು ಸಲ ಕೇಳಿದರು, ಮನೆಗೆ ಬಂದ ಮೇಲೂ ಕೇಳಿದರು. ಆ ಬೆಕ್ಕು ಮೂರನೆಯ ಮರಿಯನ್ನು ಒಯ್ದಿತೇ?


ಹ್ಯಾಂಡ್‌ಪೋಸ್ಟ್ ನಿವಾಸಿ
ಬುಧವಾರ, ಬೆಳಿಗ್ಗೆ 6:30

ಒಯ್ದಿತು. ಕಚೇರಿ ಮುಚ್ಚುವ ಹೊತ್ತು ದಾಟಿತ್ತು, ನಾನು ಬೀಗ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ. ಬಂದು, ಅದನ್ನು ಕಚ್ಚಿಕೊಂಡು ಹೋಯಿತು.

ನಾಲ್ಕನೆಯದಕ್ಕೆ ಕತ್ತಲಾಯಿತು. ಅದು ಮೂರನೆಯದರಷ್ಟು ಕೂಗುವ ಮರಿಯಲ್ಲ, ಚೀಲದ ಮಡಿಕೆಯಲ್ಲಿ ಮುಖ ಹುದುಗಿಸಿಕೊಂಡಿತ್ತು. ಇನ್ನು ಕಾಯುವಂತಿರಲಿಲ್ಲ, ಕೊನೆಯ ಬಸ್ಸು ತಪ್ಪುತ್ತಿತ್ತು. ಕಿಟಕಿಯ ಕದವನ್ನು ಗಾಳಿಗೆ ಮುಚ್ಚಿಕೊಳ್ಳದಂತೆ ಸುತ್ತಿಗೆ ಒತ್ತುಕೊಟ್ಟು ನಿಲ್ಲಿಸಿ ಮನೆಗೆ ಹೋದೆ. ಅಂದು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ ಎಂದು ನಿಮ್ಮ ಅತ್ತೆಯವರಿಗೆ ಹೇಳಿ.

ಬೆಳಿಗ್ಗೆ ಬಾಗಿಲು ತೆಗೆದಾಗ ಚೀಲ ಖಾಲಿ ಇತ್ತು. ಸುತ್ತಿಗೆ ಇಟ್ಟಲ್ಲೇ ಇತ್ತು.